ಮಳೆಯಿಲ್ಲದ ದಿನ ಏರಿದ ಭೀಮೆ

ಭೀಮಾ ನದಿಯ ನೀರು ಎಷ್ಟು ಎತ್ತರಕ್ಕಿದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಅವರ ಜಾಗ ನನಗೆ ಸಿಕ್ಕಿತು. ದೋರನಹಳ್ಳಿಯಿಂದ ಬೆಳಿಗ್ಗೆ ಟಂಟಂ ಹತ್ತಿ ದಂಡೆಗೆ ಹೋಗುತ್ತೇನೆ. ಅಲ್ಲಿ ಕಪ್ಪು ಬಿಳಿ ಗೆರೆಗಳ ಅಳತೆಗಂಬಗಳು ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಮೇಲೆ ನೆಟ್ಟಿವೆ. ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ, ಬರೆದು, ಯಾದಗಿರಿಯ ಕಚೇರಿಗೆ ಫೋನಿನಲ್ಲಿ ತಿಳಿಸಿದರೆ ಮುಗಿಯಿತು.

ಮೊದಲ ಕೆಲವು ವರ್ಷ, ಹೊಳೆ ನನಗೆ ಅರ್ಥವಾಗಿದೆ ಎಂದೇ ಅಂದುಕೊಂಡಿದ್ದೆ. ಈ ನೀರಿನಲ್ಲಿ ನಮ್ಮೂರ ಮಳೆಯ ಪಾಲು ಸ್ವಲ್ಪವೇ. ನಾನು ಎಂದೂ ಕಾಣದ ಪಡುವಣ ಘಟ್ಟದ ಗುಡ್ಡಗಳಲ್ಲಿ ಬಿದ್ದದ್ದು, ನಡುವಿನ ಅಣೆಕಟ್ಟುಗಳನ್ನು ದಾಟಿ ಇಲ್ಲಿಗೆ ಬರುತ್ತದೆ. ಅಲ್ಲಿ ಜೋರು ಮಳೆ ಎಂಬ ಸುದ್ದಿ ಬಂದ ಕೆಲವು ದಿನಕ್ಕೆ ಇಲ್ಲಿ ನೀರು ಕೆಂಪಾಗಿ ಏರುತ್ತಿತ್ತು. ದಸರೆ ಕಳೆದರೆ ಇಳಿಯುತ್ತಾ ಹೋಗುತ್ತಿತ್ತು. ಇಷ್ಟೇ ನನ್ನ ವಿದ್ಯೆ.

ಆ ವಿದ್ಯೆಯನ್ನು ನಂಬಿದವಳು ಸಗರದ ಕಡೆಯ ಕುರಿಗಾಹಿ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು. ನೀರಿಳಿದ ಮೇಲೆ ಹೊಳೆಯ ನಡುಗಡ್ಡೆಯಲ್ಲಿ ಹಸಿರು ಹುಲ್ಲು ಬರುತ್ತದೆ. ಪ್ರತಿವರ್ಷ ಕುರಿಗಳನ್ನು ಅಲ್ಲಿಗೆ ದಾಟಿಸುವ ಮೊದಲು ನನ್ನನ್ನು ಕೇಳುತ್ತಿದ್ದಳು.

ಆ ವರ್ಷವೂ ಕೇಳಿದಳು. "ಅಕ್ಕಾ, ಕುರಿ ದಾಟಸ್ಲೇನು?"

ದಸರೆ ಮುಗಿದಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕೆಳಗಿನ ಕಂಬದ ಬುಡವೂ ಕಾಣುತ್ತಿತ್ತು.

"ದಾಟಸು. ಈ ವರ್ಷದ ನೀರು ಮುಗೀತು," ಎಂದೆ.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಕೈ ತೊಳೆಯಲು ಇಳಿದವಳಿಗೆ ಬೆಳಿಗ್ಗೆ ನೋಡಿದ ಗೆರೆ ಕಾಣಲಿಲ್ಲ. ಕಣ್ಣಿನ ದೋಷವೆಂದುಕೊಂಡು ಚಷ್ಮಾ ಒರೆಸಿ ಮತ್ತೆ ನೋಡಿದೆ. ನೋಡುತ್ತಿದ್ದಂತೆ ಇನ್ನೊಂದು ಗೆರೆ ಮುಳುಗಿತು. ಹೊಳೆಯ ಮೇಲ್ಗಡೆಯ ಊರಿನಲ್ಲಿ ನನ್ನ ಹಾಗೇ ಅಳತೆ ನೋಡುವವನಿಗೆ ಫೋನ್ ಮಾಡಿದೆ.

"ಗುಡ್ಡದಾಗ ಬಿಟ್ಟೂಬಿಡದ ಮಳಿ ಅದ್ರಿ," ಎಂದ. "ಡ್ಯಾಮು ಮೊದ್ಲೇ ತುಂಬಿದ್ವು, ಬಂದದ್ದು ಬಂದಂಗ ಬಿಟ್ಟಾರ. ನಿಮಗ ಸುದ್ದಿ ಮುಟ್ಟಿಲ್ಲೇನ್ರಿ?"

ಮುಟ್ಟಿರಲಿಲ್ಲ. ಅವಳು ಕುರಿಗಳೊಂದಿಗೆ ನಡುಗಡ್ಡೆಯಲ್ಲೇ ಇದ್ದಳು. ದಂಡೆಯ ಗುಂಟ ಓಡಿದೆ. ಮೀನು ಹಿಡಿಯುವ ಮುದುಕನೊಬ್ಬ ಹರಿಗೋಲು ಬೋರಲು ಹಾಕಿ ಅದರ ನೆರಳಲ್ಲಿ ಮಲಗಿದ್ದ. ಎಬ್ಬಿಸಿದೆ. ಅವನು ಆಕಾಶ ನೋಡಿ, "ಮಳಿ ಎಲ್ಲೈತಿ ಬೇ?" ಎಂದ. ಹೊಳೆ ನೋಡಿದ ಮೇಲೆ ಹರಿಗೋಲು ನೀರಿಗಿಳಿಸಿದ.

ಅವನು ಎರಡು ಸಲ ಹೋಗಿ ಮರಿಗಳನ್ನು ತಂದ. ಅಷ್ಟರಲ್ಲಿ ನಡುಗಡ್ಡೆ ಅರ್ಧ ಮುಳುಗಿತ್ತು. ಮೂರನೆಯ ಸಲ ಅವಳು ಹರಿಗೋಲು ಹತ್ತಿ, ಮುಂದಿನ ಟಗರಿನ ಕೋಡು ಹಿಡಿದು ನೀರಿಗೆಳೆದಳು. ಒಂದರ ಹಿಂದೆ ಒಂದು ಕುರಿಗಳು ಇಳಿದವು. ಸೆಳವು ಅವನ್ನು ದೂರ ಕೆಳಕ್ಕೊಯ್ದು ದಂಡೆಗೆ ತಂದಿತು. ಗಾಬರಿಯಾದಾಗ ನಾನು ಮನೆಮಾತಾದ ದಖನಿ ಉರ್ದುವಿನಲ್ಲೇ ಎಣಿಸುತ್ತೇನೆ. ಏಕ್, ದೋ, ತೀನ್ ಎನ್ನುತ್ತಾ ಎಲ್ಲೋ ತಪ್ಪಿದೆ. ಅವಳು ಎಣಿಸಲೇ ಇಲ್ಲ, ಮುಖ ನೋಡಿಯೇ ಗುರುತಿಸಿದಳು.

"ಎರಡು ಹೋಗ್ಯಾವ," ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮುಂದಿನ ವರ್ಷ ಮಳೆಗಾಲ ತಡವಾಯಿತು. ಹೊಳೆ ಬರೀ ಬಂಡೆಗಲ್ಲು. ಕೊನೆಗೆ ಘಟ್ಟದಲ್ಲಿ ಭಾರಿ ಮಳೆ ಎಂಬ ಸುದ್ದಿ ಬಂತು. ಆಗಲೇ ಅವಳೂ ಕುರಿ ದಾಟಿಸಲೇ ಎಂದು ಕೇಳಲು ಬಂದಳು.

"ಬ್ಯಾಡ ಬ್ಯಾಡ. ನೀರ ಬರ್ತದ," ಎಂದೆ.

ನಾಲ್ಕು ದಿನ ಕಾದೆವು. ಎಂಟು ದಿನ ಕಾದೆವು. ಒಂದು ಗೆರೆಯೂ ಏರಲಿಲ್ಲ. ಒಣಗಿ ಬಿದ್ದಿದ್ದ ಅಣೆಕಟ್ಟುಗಳು ಬಂದ ನೀರನ್ನೆಲ್ಲ ಕುಡಿದುಬಿಟ್ಟಿದ್ದವು. ದಂಡೆಯ ಮೇಲೆ ಅವಳ ಕುರಿಗಳು ಜಾಲಿಕಾಯಿ ಹುಡುಕುತ್ತಾ ನಿಂತಿದ್ದವು.

ಆಗ ಅವಳಿಗೆ ಸಿಟ್ಟು ಬಂತು. "ಹೋದ ವರ್ಷ ಹೋಗು ಅಂದಿ, ನೀರ ಬಂತು. ಈ ವರ್ಷ ಬ್ಯಾಡ ಅಂದಿ, ಬರ್ಲಿಲ್ಲ. ದಿನಾ ಆ ಕಂಬದಾಗ ನೀ ನೋಡೂದರ ಏನು?"

ಅದನ್ನೇ ಯಾದಗಿರಿಗೆ ಹೋದಾಗ ಕಚೇರಿಯ ಹಿರಿಯ ಸಾಹೇಬರೊಬ್ಬರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಕೂರಿಸಿ ಹೇಳಿದರು. "ಗುಡ್ಡದ ಮಳಿ ಮೊದಲಿನಂಗ ಬೀಳವಲ್ದು. ತಿಂಗಳದ್ದು ಎರಡು ದಿನದಾಗ ಸುರೀತದ. ಆಮ್ಯಾಲ ಹನಿ ಇರಂಗಿಲ್ಲ."

"ಹಂಗಾದ್ರ ಕೇಳಿದವರಿಗೆ ನಾ ಏನ್ ಹೇಳ್ಲಿ ಸಾಹೇಬ್ರ?"

"ಇವತ್ತಿಂದು ಹೇಳ್ರಿ. ನಾಳಿದು ನನಗೂ ಗೊತ್ತಿಲ್ಲ."

ಬಸ್ಸಿನಲ್ಲಿ ಕೂತು ಅವರ ಮಾತನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಇಷ್ಟು ವರ್ಷ ನಾನು ಹೇಳಿದ್ದು ಸರಿಯಾಗಿದ್ದದ್ದು ತಿಳಿವಳಿಕೆಯಿಂದಲೋ, ಹೊಳೆ ಸುಮ್ಮನೆ ನಡೆಸಿಕೊಟ್ಟದ್ದರಿಂದಲೋ, ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಕಳೆದ ತಿಂಗಳು ಸುರಪುರಕ್ಕೆ ಮದುವೆಗೆ ಹೋಗುವಾಗ ದೇವಾಪುರದ ಹತ್ತಿರ ಕೊಯ್ದ ಹೊಲವೊಂದರಲ್ಲಿ ಅವಳನ್ನು ಕಂಡೆ. ಗಾಡಿ ನಿಲ್ಲಿಸಿ ಇಳಿದೆ. ಹೊಲದವರೇ ರಾತ್ರಿ ಹೊಲದಲ್ಲಿ ಕುರಿ ತರುಬಲು ಕರೆದಿದ್ದಾರಂತೆ, ಗೊಬ್ಬರದ ಆಸೆಗೆ.

"ಹೊಳಿ ಕಡಿ ಬರಂಗಿಲ್ಲ ಅಕ್ಕಾ," ಎಂದಳು. "ಇಲ್ಲಿ ಮೇವು ಕಡಿಮಿ, ಖರೆ. ಆದ್ರ ಸಂಜಿಗಿ ನೆಲ ಎಲ್ಲಿತ್ತೋ ಮುಂಜಾನಿಗಿ ಅಲ್ಲೇ ಇರ್ತದ."

ನನಗೆ ಸಮಾಧಾನವಾಯಿತು, ಬೇಸರವೂ ಆಯಿತು. ಇಬ್ಬರೂ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೆವು. ಹೊಳೆಯ ನೀರಿನ ಬಗ್ಗೆ ಅವಳು ನನ್ನನ್ನು ಏನೂ ಕೇಳಲಿಲ್ಲ.