ಬೆರಳಿಗೆ ಸಿಕ್ಕ ಊರು

ಓಣಿಯ ತುದಿಯ ಬಡಗಿಯನ್ನು ಎಲ್ಲರೂ ‘ಅಳತೆಯಣ್ಣ’ ಎನ್ನುತ್ತಿದ್ದರು. ಮೂರು ಸಲ ಅಳೆಯದೆ ಅವನು ಗರಗಸ ಮುಟ್ಟಿದವನಲ್ಲ. “ತೊಟ್ಟಿಲು ಮಾಡೋಕೆ ಹೇಳಿದ್ರೆ, ಅವನು ಅಳೆದು ಮುಗಿಸೋ ಹೊತ್ತಿಗೆ ಮಗು ಸ್ಕೂಲಿಗೆ ಹೋಗ್ತಿರುತ್ತೆ” ಎಂದು ಗಿರಾಕಿಗಳು ನಗುತ್ತಿದ್ದರು.

ಅವನ ತಂಗಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ನಾನೂರು ನಂಬರುಗಳು ನಾಲಿಗೆಯ ತುದಿಯಲ್ಲೇ. ಒಂದು ಭಾನುವಾರ ಅಣ್ಣ ಅವಳನ್ನು ವರ್ಕ್‌ಶಾಪಿಗೆ ಕರೆದು, ಅವಳ ತೋರುಬೆರಳನ್ನು ದೊಡ್ಡದೊಂದು ಹಲಗೆಯ ಮೇಲಿಟ್ಟ.

“ಇದು ನಮ್ಮನೆ ಬಾಗಿಲು. ಎಲ್ಲಿಗೆ ಬೇಕಾದ್ರೂ ಹೋಗು.”

ರಸ್ತೆಗಳೆಂದರೆ ಕೊರೆದ ಗೆರೆಗಳು. ಕಟ್ಟಡಗಳು ಉಬ್ಬಿದ ತುಂಡುಗಳು. ನುಣ್ಣಗೆ ಉಜ್ಜಿದ ಪಟ್ಟಿ ನದಿ. ಅವಳ ಬೆರಳು ಆಸ್ಪತ್ರೆಯ ಸೇತುವೆ ದಾಟಿತು, ಹಿಂದಿರುಗಿ ಮಾರುಕಟ್ಟೆಯ ಸೇತುವೆಗೆ ಬಂತು. ಆಮೇಲೆ ನದಿಯ ಗುಂಟ ಜಾರುತ್ತ ಹೋಗಿ ತಟ್ಟನೆ ನಿಂತಿತು.

“ಅಣ್ಣಾ, ಇವು ಎರಡು ನದಿ ಅಲ್ವಾ?”

“ಒಂದೇ ಕಣೇ. ಊರು ಸುತ್ತಿಕೊಂಡು ಬರುತ್ತೆ.”

ನಲವತ್ತು ವರ್ಷ ಅವಳು ಎರಡು ನದಿಗಳ ಊರಿನಲ್ಲಿ ಬದುಕಿದ್ದಳು. ಮತ್ತೆ ಮತ್ತೆ ಆ ತಿರುವಿನ ಮೇಲೆ ಬೆರಳಾಡಿಸಿದಳು.

ಕಣ್ಣು ಕಾಣದ ಮಕ್ಕಳ ಹತ್ತು ಶಾಲೆಗಳಿಗೂ ಇಂಥದ್ದು ಮಾಡಿಕೊಡಬೇಕೆಂದು ಅಣ್ಣನಿಗೆ ಹುಕಿ ಹುಟ್ಟಿತು. ಇಂಟರ್ನೆಟ್ಟಿನಲ್ಲಿ ಕ್ರೌಡ್‌ಫಂಡಿಂಗ್ ಅಂತಿದೆ, ಗುರುತಿಲ್ಲದವರೂ ಕೈಲಾದಷ್ಟು ಕೊಡುತ್ತಾರೆ, ಗೊತ್ತಾದ ದಿನದೊಳಗೆ ಗುರಿ ಮುಟ್ಟದಿದ್ದರೆ ಕೊಟ್ಟವರ ಹಣ ವಾಪಸ್ಸು ಎಂದು ಯಾರೋ ಹೇಳಿದರು. ಮೂರು ಸಲ ಅಳೆಯುವ ಮನುಷ್ಯ ಎರಡೇ ಸಂಜೆಯಲ್ಲಿ ಪುಟ ಸಿದ್ಧಮಾಡಿ, ಬಾಯಿಗೆ ಬಂದ ಮೊತ್ತವನ್ನೇ ಗುರಿಯಾಗಿ ಬರೆದುಬಿಟ್ಟ.

ವಿಡಿಯೋ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ಹಲಗೆಗೆ ಅಡ್ಡ ನಿಂತು, ಯಾವ ಮರ ಯಾವುದಕ್ಕೆ ಲಾಯಕ್ಕು ಎಂದು ವಿವರಿಸಿದ್ದ. ಮುಟ್ಟಿ ನೋಡುವ ಒಂದು ಬೆರಳೂ ಅದರಲ್ಲಿರಲಿಲ್ಲ. ಕೇಳಿಕೊಳ್ಳಲು ನಾಚಿಕೆಯಾಗಿ ಮೊದಲೇ ಯಾರಿಗೂ ಹೇಳಿರಲಿಲ್ಲ. ಮೊದಲ ದಿನ ಕೊಟ್ಟವರು ಹೆಂಡತಿ, ತಂಗಿ, ಎದುರು ಅಂಗಡಿಯ ದರ್ಜಿ. “ತೂಕ ಎಷ್ಟು?” ಎಂದು ಒಬ್ಬರು ಬರೆದು ಕೇಳಿದಾಗ ಹಲಗೆಯನ್ನು ತಕ್ಕಡಿಗೆ ಹಾಕಿದ. ಮೂವತ್ತೊಂದು ಕಿಲೋ! “ಯಾವ ಶಾಲೆಯವರು ಕೇಳಿದ್ದಾರೆ?” ಎಂದು ಇನ್ನೊಬ್ಬರು ಕೇಳಿದರು. ಅವನು ಒಂದು ಶಾಲೆಯನ್ನೂ ವಿಚಾರಿಸಿರಲಿಲ್ಲ. ನಲವತ್ತನೇ ದಿನ ಪುಟ ಮುಚ್ಚಿತು. ಗುರಿಯ ಹತ್ತರಲ್ಲೊಂದು ಪಾಲೂ ಬಂದಿರಲಿಲ್ಲ.

ಅಣ್ಣ ಹಲಗೆಯ ಮೇಲೆ ಗೋಣಿ ಮುಚ್ಚಿ ಬೀರು ಮಾಡಲು ಕೂತ.

ತಂಗಿ ಸುಮ್ಮನಿರುವವಳಲ್ಲ. ಕೊಟ್ಟವರು ಮೂವತ್ತೆಂಟು ಜನ. ಥ್ಯಾಂಕ್ಸ್ ಹೇಳುವ ನೆಪದಲ್ಲಿ ಊಟದ ಬಿಡುವಿನಲ್ಲಿ ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಬಸ್ ಡ್ರೈವರೊಬ್ಬರು, “ನಮ್ಮ ಡಿಪೋದವರಿಗೂ ತೋರಿಸ್ದೆ ತಾಯಿ. ಇದು ಯಾತಕ್ಕೆ ಅಂತ ಒಬ್ಬರಿಗೂ ತಲೆಬುಡ ಗೊತ್ತಾಗ್ಲಿಲ್ಲ” ಎಂದರು. ಕಣ್ಣು ಕಾಣದ ಮಕ್ಕಳ ಶಾಲೆಯ ಟೀಚರೊಬ್ಬರು, “ನಮ್ಮ ಕ್ಲಾಸು ಮೂರನೇ ಮಹಡೀಲಿದೆ, ಅದನ್ನ ಹೊರೋರು ಯಾರು?” ಎಂದರು.

ಸಂಜೆ ಅಣ್ಣನ ಮುಂದೆ ಎಲ್ಲವನ್ನೂ ಒಪ್ಪಿಸಿ, “ಮರಾನ ಮೂರು ಸಲ ಅಳೀತೀಯ. ಜನರ ಹತ್ರ ಹೋಗುವಾಗ ಒಂದ್ಸಲಾನೂ ಅಳೀಲಿಲ್ಲ ನೀನು” ಎಂದಳು.

ಸಿಡುಕುತ್ತಾನೆ ಎಂದುಕೊಂಡಿದ್ದಳು. ಹೆಚ್ಚೆಂದರೆ ವಿಡಿಯೋ ಬದಲಾಯಿಸಿಯಾನು. ಆದರೆ ಅವನು ಮರುದಿನವೇ ಆ ಟೀಚರ ಶಾಲೆಗೆ ಹೋದ. ಎಂಟು ತಿಂಗಳು, ಶನಿವಾರ ಬಂತೆಂದರೆ ಐವತ್ತೆರಡರ ಆ ಮನುಷ್ಯ ಮಕ್ಕಳ ನಡುವೆ ನೆಲದ ಮೇಲೆ ಕೂತು ಪಾಠ ಹೇಳಿಸಿಕೊಂಡ. ಬಸ್ ಸ್ಟಾಪು ಎಲ್ಲಿ ಎಂದು ಮಕ್ಕಳು ಜಬರಿಸಿದರೆ, “ತಪ್ಪಾಯ್ತಪ್ಪಾ” ಎಂದು ಮೊಳೆ ಹೊಡೆದು ಗುರುತು ಮಾಡಿದ. ತಾನು ಮಾಡಿದ್ದನ್ನು ತಾನೇ ಒಡೆದು, ಒಂದು ಮಗು ಎತ್ತಬಲ್ಲಂಥ, ಪಕ್ಕಪಕ್ಕ ಜೋಡಿಸಿದರೆ ಇಡೀ ಊರಾಗುವ ಹನ್ನೆರಡು ತೆಳು ಬಿಲ್ಲೆ ಮಾಡಿದ. ಒಂದೊಂದನ್ನೂ ತೂಗಿದ. ಹುಟ್ಟಿದಾಗಿನಿಂದ ಬಲ್ಲ ಅಣ್ಣನೊಳಗೆ ಇಷ್ಟು ತಗ್ಗುವ, ಇಷ್ಟು ತಾಳುವ ಇನ್ನೊಬ್ಬನಿದ್ದನೇ ಎಂದು ತಂಗಿ ಬೆರಗಾದಳು.

ಎರಡನೇ ಸಲ ಗುರಿ ಒಂದೇ ಶಾಲೆ. ಪುಟ ತೆರೆಯುವ ಮೊದಲೇ ಡ್ರೈವರು ಡಿಪೋದಲ್ಲಿ, ದರ್ಜಿ ಓಣಿಯಲ್ಲಿ ಸುದ್ದಿ ಹರಡಿದ್ದರು. ತೊಂಬತ್ತು ಜನ ‘ಹೂಂ’ ಎಂದಾಗಿತ್ತು. ಎರಡು ನಿಮಿಷದ ವಿಡಿಯೋದಲ್ಲಿ ಅಣ್ಣ ಇರಲೇ ಇಲ್ಲ, ನದಿಯ ಗುಂಟ ಹೋಗುವ ತಂಗಿಯ ಬೆರಳಷ್ಟೇ. ಒಂಬತ್ತು ದಿನಕ್ಕೆ ಗುರಿ ಮುಟ್ಟಿತು.

ಬಿಲ್ಲೆಗಳನ್ನು ಮಕ್ಕಳೇ ಮೂರನೇ ಮಹಡಿಗೆ ಹೊತ್ತು ಮೇಜುಗಳ ಮೇಲೆ ಜೋಡಿಸಿದರು. ಒಂಬತ್ತು ವರ್ಷದ ಹುಡುಗಿಯೊಬ್ಬಳ ಬೆರಳು ಅಂಚಿಗೆ ಬಂದು ನಿಂತಿತು.

“ಅಜ್ಜಾ, ಊರು ಇಲ್ಲಿಗೆ ಮುಗೀತಾ?”

“ಊರು ಮುಗಿಯಲ್ಲಮ್ಮ. ನನ್ನ ಮರ ಮುಗೀತು.”

“ಹಂಗಾದ್ರೆ ಅದರಾಚೆ ಏನಿದೆ?”

ಅವನು ಜೇಬಿನಿಂದ ಅಳತೆಪಟ್ಟಿ ತೆಗೆದು ಅಂಚಿನಾಚೆಯ ಖಾಲಿ ಮೇಜನ್ನು ಅಳೆಯತೊಡಗಿದ. ಪಕ್ಕದಲ್ಲಿದ್ದ ತಂಗಿ ಅವನ ತೋಳು ಹಿಡಿದುಕೊಂಡಳು. ಆ ಕೋಣೆಯಲ್ಲಿ ಗದ್ದಲವೆಲ್ಲ ಅಡಗಿ, ಇಪ್ಪತ್ತು ಮಕ್ಕಳ ಬೆರಳುಗಳು ಮರದ ಮೇಲೆ ಹರಿಯುವ ಸಣ್ಣ ಸದ್ದು ಮಾತ್ರ ಅವಳಿಗೆ ಕೇಳುತ್ತಿತ್ತು.