ಒವನ್‌ಗೆ ಇಡಬಾರದಾಗಿದ್ದ ಮಣ್ಣು

ನಾನು ಕೆಲಸ ಮಾಡುವುದು ಲಂಡನ್ನಿನ ಪಶ್ಚಿಮದಂಚಿನ ಹೇಸ್‌ನಲ್ಲಿ, ಗೋದಾಮುಗಳ ಸಾಲಿನಲ್ಲಿರುವ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ನಮ್ಮ ಎಡಕ್ಕೆ ವಿಮಾನಗಳಿಗೆ ಊಟ ಕಟ್ಟುವವರು, ಬಲಕ್ಕೆ ಟೈಲ್ಸ್ ಮಾರುವವರು. ಮನೆಗೆ ಹೊಸ ಕೋಣೆ ಕಟ್ಟಿಸುವವರು, ರಸ್ತೆ ಅಗೆಯುವವರು, ಕೊಲಿಂಡೇಲ್‌ನಂಥ ಕಡೆ ಅಪಾರ್ಟ್‌ಮೆಂಟು ಎಬ್ಬಿಸುವವರು ತಮ್ಮ ಜಾಗದ ಮಣ್ಣನ್ನು ಚೀಲದಲ್ಲಿ ಕಟ್ಟಿ ಕಳಿಸುತ್ತಾರೆ. ಅದರಲ್ಲಿ ನೀರೆಷ್ಟು, ಮರಳೆಷ್ಟು, ಜೇಡಿಯೆಷ್ಟು, ಭಾರ ಹೇರಿದರೆ ಎಷ್ಟು ಕುಸಿಯುತ್ತದೆ ಎಂದು ಪರೀಕ್ಷಿಸಿ ಹೇಳುವುದು ನಮ್ಮ ಕೆಲಸ. ಬರುವುದು ಬಹುಪಾಲು ಲಂಡನ್ನಿನ ಜೇಡಿಯೇ. ಕಂದು ಬಣ್ಣ, ವಿಪರೀತ ಅಂಟು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ವಿಜಯಪುರದ ಎರೆ ಭೂಮಿಯಲ್ಲಿ ಬೆಳೆದ ನನಗೆ ಆ ಸ್ವಭಾವ ಧಾರವಾಡದಲ್ಲಿ ಮಣ್ಣಿನ ಶಾಸ್ತ್ರ ಓದುವುದಕ್ಕೆ ಮುಂಚೆಯೇ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಆರು ಚೀಲ ಬೇರೆ ಮಣ್ಣು ಬಂತು. ಪೂರ್ವ ಆಫ್ರಿಕಾದ ದೊಡ್ಡ ಕಣಿವೆಯ ಒಂದು ಬತ್ತಿದ ಕೆರೆಯಂಗಳದಿಂದ ಬಂದದ್ದು. ಅಲ್ಲಿನ ಶಾಲೆಯೊಂದಕ್ಕೆ ಮಳೆನೀರಿನ ದೊಡ್ಡ ತೊಟ್ಟಿ ಕಟ್ಟಿಸಲು ಲಂಡನ್ನಿನ ಒಂದು ಸಣ್ಣ ದಾನಸಂಸ್ಥೆ ಹೊರಟಿತ್ತು. ತೊಟ್ಟಿಯ ಭಾರವನ್ನು ಆ ನೆಲ ತಡೆಯುತ್ತದೆಯೇ ಎಂಬುದು ಅವರ ಪ್ರಶ್ನೆ. ಹೊರದೇಶದ ಮಣ್ಣೆಂದರೆ ಪರವಾನಗಿ, ಬೀಗ ಹಾಕಿದ ಕೋಣೆ, ಗ್ಲೌಸು, ಕೆಲಸ ಮುಗಿದ ಮೇಲೆ ಸುಡಿಸುವುದು, ಇಷ್ಟೆಲ್ಲ ಕಟ್ಟುಪಾಡು.

ಮೊದಲ ಚೀಲ ಎತ್ತಿದಾಗ ನಾನು ಹಿಂದಕ್ಕೆ ಜೋಲಿ ಹೊಡೆದೆ. ಭಾರವಿರುತ್ತದೆಂದು ಬಲ ಹಾಕಿದ್ದೆ. ಅದು ಚುರುಮುರಿ ಚೀಲದಷ್ಟು ಹಗುರ. ಬಿಚ್ಚಿ ನೋಡಿದರೆ ಬೂದು ಬಣ್ಣದ, ತುಸು ತೇವವಿರುವ, ಮೆತ್ತನೆಯ ಮಣ್ಣು. ಜತೆಗಿದ್ದ ಕಾಗದದಲ್ಲಿ ಊರಿನ ಹೆಸರಿನ ಕೆಳಗೆ ಒಂದೇ ಸಾಲು ಬರೆದಿತ್ತು: ಜ್ವಾಲಾಮುಖಿಯ ಬೂದಿ ಕೆರೆಗೆ ಬಿದ್ದು, ತಳದಲ್ಲಿ ಪದರು ಪದರಾಗಿ ಕೂತು, ಕೆರೆ ಬತ್ತಿದ ಮೇಲೆ ಉಳಿದದ್ದು.

ಬೂದಿಯ ಮಣ್ಣಿನ ಬಗ್ಗೆ ಧಾರವಾಡದ ನಮ್ಮ ಪಠ್ಯದಲ್ಲಿ ಒಂದು ಪುಟವಿತ್ತು. ನಮ್ಮ ಕಡೆ ಅಂಥ ಮಣ್ಣಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಆ ಪುಟವನ್ನು ನಾನು ಓದದೆ ಬಿಟ್ಟಿದ್ದೆ. ಈಗಲೂ ಎಂದಿನಂತೆಯೇ ಮಾಡಿದೆ. ಪ್ರತಿ ಚೀಲದಿಂದ ಅರ್ಧ ತೆಗೆದು ತಟ್ಟೆಗೆ ಹರವಿ ಒವನ್‌ಗೆ ಇಟ್ಟೆ, ಉಳಿದರ್ಧವನ್ನು ಮತ್ತೆ ಕಟ್ಟಿ ತಣ್ಣನೆಯ ಕೋಣೆಗೆ ಸೇರಿಸಿದೆ. ಒಣಗಿದ್ದನ್ನು ಜರಡಿ ಹಿಡಿದೆ, ತೂಗಿದೆ, ಒತ್ತಿದೆ. ಉತ್ತರ ಸರಾಗವಾಗಿ ಬಂತು: ಒರಟು ಮರಳು ಮಣ್ಣು, ಭಾರಕ್ಕೆ ಅಡ್ಡಿಯಿಲ್ಲ. ಸಹಿ ಹಾಕಿದೆ. ವರದಿ ಹೋಯಿತು.

ಅದಾದ ಎರಡನೆಯ ದಿನ ಮಧ್ಯಾಹ್ನ ಲ್ಯಾಬಿನ ಸ್ವಚ್ಛತೆಯ ಕೆಲಸದವಳು ಆ ಕೋಣೆಯ ನೆಲ ಒರೆಸಲು ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಮನಸ್ಸಿನಲ್ಲಿ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಪೂರ್ವ ಆಫ್ರಿಕಾದವಳು ಎಂಬುದಷ್ಟೇ ಗೊತ್ತಿತ್ತು. ನಮ್ಮಿಬ್ಬರಲ್ಲಿ ಒಂದು ಸಾಮ್ಯವಿತ್ತು: ಇಬ್ಬರ ಹಲ್ಲೂ ಕಂದುಗಟ್ಟಿದವು, ಚಹಾದ ಕಲೆ ಹಿಡಿದಂತೆ. ನಾನು ಸೇರಿದ ಮೊದಲ ವಾರವೇ ಇಬ್ಬರೂ ಅದನ್ನು ಗಮನಿಸಿದ್ದೆವು, ಇಬ್ಬರೂ ಆ ಮಾತು ಎತ್ತಿರಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ ನನ್ನದು. ಆಕೆ ಹಿಡಿಯುತ್ತಿರಲಿಲ್ಲ.

ಮೇಜಿನ ಮೇಲೆ ಒಣಗಿದ ಮಣ್ಣಿನ ತಟ್ಟೆಯಿತ್ತು. ಅಕ್ಕ ಮಾಪ್ ಗೋಡೆಗೆ ಒರಗಿಸಿ ಅದರತ್ತ ಬಗ್ಗಿದಳು.

"ಇದು ಎಲ್ಲಿಯದು?" ಎಂದು ಕೇಳಿದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ.

ಕಾಗದದಲ್ಲಿದ್ದ ಊರಿನ ಹೆಸರು ಓದಿದೆ. ನಾನು ತಪ್ಪಾಗಿ ಓದಿದ್ದನ್ನು ಆಕೆ ಸರಿಯಾಗಿ ಹೇಳಿದಳು. ಆಮೇಲೆ, "ಅದು ನಮ್ಮೂರ ಪಕ್ಕದ್ದು. ಆದ್ರೆ ಇದು ನಮ್ಮ ಮಣ್ಣಲ್ಲ," ಎಂದಳು.

"ಅಲ್ಲಿಂದಲೇ ಬಂದಿದ್ದು."

"ಬಂದಿರಬಹುದು. ನೀವು ಇದಕ್ಕೆ ಏನು ಮಾಡಿದಿರಿ?"

"ಒಣಗಿಸಿದೆ."

"ಒದ್ದೆಯದು ಇದೆಯಾ?"

ತೋರಿಸಬೇಕಾದ ಅಗತ್ಯವೇನೂ ಇರಲಿಲ್ಲ. ಆಕೆ ಕೇಳಿದ ರೀತಿಗೆ ಹೋಗಿ ತಂದೆ. ಗ್ಲೌಸು ಕೊಟ್ಟೆ. ಆಕೆ ಒಂದು ಉಂಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ತಿಕ್ಕಿದಳು. ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದಂತೆ ಸಾಬೂನಿನಂತೆ ಜಾರಿತು, ಬೆರಳ ಸಂದಿಯಿಂದ ನೀರು ಒಸರಿತು. ಒತ್ತುವುದನ್ನು ಬಿಟ್ಟ ಮೇಲೆ ಮತ್ತೆ ಗಟ್ಟಿಯಾಯಿತು.

"ಇದು ನಮ್ಮದು," ಎಂದಳು. "ಕೂತ್ಕೊಂಡಿರೋ ತನಕ ಕೂತಿರತ್ತೆ. ನೀರು ಕುಡಿದರೆ ನೆಲವೇ ಇರಲ್ಲ."

ಆಕೆಗೆ ಹತ್ತು ವರ್ಷವಿದ್ದಾಗ ನಡೆದದ್ದನ್ನು ಅಲ್ಲೇ ನಿಂತು ಹೇಳಿದಳು. ಅವರ ಶಾಲೆಯ ಹಿಂಬದಿಯಲ್ಲಿ ಒಂದು ಪೈಪು ಸೋರುತ್ತಿತ್ತು. ತಿಂಗಳುಗಟ್ಟಲೆ ಯಾರೂ ಲಕ್ಷ್ಯ ಕೊಡಲಿಲ್ಲ. ಒಂದು ಬೆಳಿಗ್ಗೆ ಮಕ್ಕಳು ಗಂಜಿಗಾಗಿ ಅಂಗಳದಲ್ಲಿ ಸಾಲು ನಿಂತಿದ್ದಾಗ ಮೂರನೇ ತರಗತಿಯ ಕೋಣೆಯ ಮೂಲೆ ಸದ್ದಿಲ್ಲದೆ ಕೆಳಗಿಳಿಯಿತು. ಗೋಡೆ ಬೀಳಲಿಲ್ಲ, ಕುಳಿತುಕೊಂಡಿತು. ಕಿಟಕಿ ನೆಲಕ್ಕೆ ಸಮನಾಗಿ ಬಂತು. ಅಲ್ಲಿಂದ ಮೈದಾನದುದ್ದಕ್ಕೂ, ಪಕ್ಕದ ಆ ಊರಿನ ಕಡೆಗೆ, ಒಂದು ಬಿರುಕು ಬಾಯಿಬಿಟ್ಟಿತು. ಆಕೆಯ ಅಣ್ಣ ಅದರಲ್ಲಿ ಭುಜದ ತನಕ ತೋಳು ಇಳಿಸಿ ನೋಡಿ ಪೆಟ್ಟು ತಿಂದಿದ್ದ.

ಅಕ್ಕ ಮಾಪ್ ತೆಗೆದುಕೊಂಡು ಹೊರಟುಹೋದಳು. ನಾನು ಫೋನಿನಲ್ಲೇ ಹುಡುಕಿ, ಅಂದು ಬಿಟ್ಟಿದ್ದ ಆ ಪಾಠವನ್ನು ಓದಿದೆ. ಇಂಥ ಮಣ್ಣಿನ ಅತಿ ಸಣ್ಣ ಕಣಗಳನ್ನು ಒಣಗಿಸಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಮರಳಿನಷ್ಟು ದಪ್ಪವಾಗುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಬಿಡುವುದಿಲ್ಲ. ನಾನು ತೂಗಿ ಅಳೆದು ವರದಿ ಕೊಟ್ಟದ್ದು ಒವನ್‌ನಲ್ಲಿ ನಾನೇ ಮಾಡಿದ ಮರಳಿನ ಬಗ್ಗೆ.

ಎದ್ದು ಮೇಲಧಿಕಾರಿಯ ಕೋಣೆಗೆ ಹೋದೆ. ಆತ ಇಂಗ್ಲೆಂಡಿನವನು, ನಿವೃತ್ತಿಗೆ ಹತ್ತಿರದವನು, ಮಾತು ಕಡಿಮೆ. ವರದಿ ತಪ್ಪಾಗಿದೆ, ತೇವದ ಮಣ್ಣನ್ನೇ ಮತ್ತೆ ಪರೀಕ್ಷಿಸಬೇಕು ಎಂದೆ.

"ಹೇಗೆ ಗೊತ್ತಾಯಿತು?"

"ಅನುಮಾನ ಬಂತು. ಓದಿ ನೋಡಿದೆ."

ಎರಡೂ ಸುಳ್ಳಲ್ಲ. ಆದರೆ ಅನುಮಾನ ನನ್ನದಾಗಿರಲಿಲ್ಲ. ನೆಲ ಒರೆಸುವವಳು ಹೇಳಿದಳು ಎಂದರೆ ನನ್ನ ಓದಿಗೆ ಏನು ಬೆಲೆ ಎಂಬ ಯೋಚನೆ ನಾಲಿಗೆಯನ್ನು ಹಿಡಿದಿತ್ತು.

ಆತ ಆ ಕ್ಷಣವೇ ದಾನಸಂಸ್ಥೆಗೆ ಫೋನು ಮಾಡಿ ವರದಿ ಹಿಂತೆಗೆದುಕೊಂಡ. ನಾನು ತೇವದ ಮಣ್ಣನ್ನು ಉಕ್ಕಿನ ಬಳೆಯಲ್ಲಿ ಕೂರಿಸಿ, ಮೇಲೆ ಭಾರ ಹೇರಿದೆ. ಒಂದು ದಿನ ಅದು ಅಲ್ಲಾಡಲಿಲ್ಲ. ಆಮೇಲೆ ಬಳೆಯ ಸುತ್ತ ನೀರು ಹೊಯ್ದೆ. ಕುಸಿತ ತೋರಿಸುವ ಮುಳ್ಳು ಸ್ವಲ್ಪ ಹೊತ್ತು ಸುಮ್ಮನಿತ್ತು. ನಂತರ ಗಡಿಯಾರದ ಸೆಕೆಂಡಿನ ಮುಳ್ಳಿನಂತೆ ಓಡತೊಡಗಿತು. ಕಣ್ಣೆದುರೇ ಓಡಿತು. ಸೋರುವ ತೊಟ್ಟಿಯೊಂದನ್ನು ಈ ನೆಲದ ಮೇಲೆ ಇಟ್ಟಿದ್ದರೆ ಎಂದು ಯೋಚಿಸುತ್ತ ಉಳಿದ ಚೀಲಗಳ ಮಣ್ಣನ್ನೂ ಪರೀಕ್ಷೆಗೆ ಕೂರಿಸಿದೆ. ಆರೂ ಚೀಲದ್ದೂ ಅದೇ ಕಥೆ.

ಹೊಸ ವರದಿ ಹೋದ ವಾರದಲ್ಲಿ ದಾನಸಂಸ್ಥೆಯಿಂದ ಇಮೇಲ್ ಬಂತು. ಎಲ್ಲರೂ ಚಹಾಕ್ಕೆ ಸೇರಿದ್ದಾಗ ಮೇಲಧಿಕಾರಿ ಅದನ್ನು ಗಟ್ಟಿಯಾಗಿ ಓದಿದ. ನನ್ನ ಸೂಕ್ಷ್ಮ ದೃಷ್ಟಿಯಿಂದಾಗಿ ಒಂದು ದೊಡ್ಡ ಅನಾಹುತ ತಪ್ಪಿತು ಎಂದೆಲ್ಲ ಇತ್ತು. ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ಅದೇ ಕೋಣೆಯಲ್ಲಿ ಸಿಂಕಿನ ಪಕ್ಕದ ಕಟ್ಟೆ ಒರೆಸುತ್ತಿದ್ದಳು. ತಲೆಯೆತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ಕಟ್ಟೆ ಒರೆಸಿ, ಬಟ್ಟೆ ಹಿಂಡಿ, ಕೊಕ್ಕೆಗೆ ಹಾಕಿ ಹೊರಗೆ ಹೋದಳು. ನಾನು ಕಪ್ಪು ಹಿಡಿದು ಥ್ಯಾಂಕ್ಯೂ ಎಂದೆ. ಅಷ್ಟೇ ಬಾಯಿಗೆ ಬಂದದ್ದು.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಆತ ವಿಮಾನ ನಿಲ್ದಾಣದ ಹತ್ತಿರದ ಗೋದಾಮೊಂದರಲ್ಲಿ ಪಾಳಿ ನೋಡಿಕೊಳ್ಳುತ್ತಾನೆ. ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ಆಕಿ ಏನಂದ್ಲು?"

"ಏನೂ ಅನ್ಲಿಲ್ಲರೀ. ಅದಕ್ಕ ತ್ರಾಸ ಆಗ್ಲಿಕತ್ತೈತಿ."

"ನಾಳೆ ಹೋಗಿ ಖರೇ ಹೇಳಿಬಿಡು. ಇದ್ರಾಗ ವಿಚಾರ ಮಾಡೂದೇನೈತಿ?"

ಮಗ ಟೀವಿಯಿಂದ ತಲೆ ತಿರುಗಿಸಿ ಇಂಗ್ಲಿಷಿನಲ್ಲಿ, "ಅಮ್ಮಾ, ಅದು ಕಾಪಿ ಹೊಡೆದ ಹಾಗಲ್ವಾ?" ಎಂದು ಕೇಳಿದ. ಒಂಬತ್ತು ವರ್ಷದವನು. ಹೌದು ಎಂದೆ.

ಮರುದಿನ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ. ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬೈಯುತ್ತಾನೆ ಎಂದುಕೊಂಡೆ.

"ಆ ಬಿರುಕು ಎಲ್ಲೆಲ್ಲಿ ಹೋಗಿತ್ತು ಅಂತ ಆಕೆಗೆ ನೆನಪಿದೆಯಾ?" ಎಂದು ಕೇಳಿದ.

ನೆನಪಿತ್ತು. ಶುಕ್ರವಾರ ದಾನಸಂಸ್ಥೆಯವರ ಜತೆ ವೀಡಿಯೊ ಕರೆಯಲ್ಲಿ ಅಕ್ಕನನ್ನೂ ಕೂರಿಸಿದರು. ಅತ್ತ ಕಡೆ ಆ ಊರಿನ ಮೇಸ್ತ್ರಿಯೊಬ್ಬನಿದ್ದ. ಇಂಗ್ಲಿಷಿನಲ್ಲಿ ಶುರುವಾದ ಮಾತು ಎರಡು ನಿಮಿಷದಲ್ಲಿ ಅವರ ಭಾಷೆಗೆ ಹೊರಳಿತು. ಅಕ್ಕನ ದನಿಯೇ ಬೇರೆಯಾಯಿತು; ಜೋರು, ಗಡಸು, ನಡುನಡುವೆ ನಗು. ಲ್ಯಾಬಿನ ಕಾರಿಡಾರಿನಲ್ಲಿ ನಾನು ಎಂದೂ ಕೇಳದ ದನಿ. ಕಾಗದದ ಮೇಲೆ ಗೆರೆ ಎಳೆದು ಕ್ಯಾಮೆರಾಕ್ಕೆ ಹಿಡಿದು, ನಮಗಾಗಿ ಇಂಗ್ಲಿಷಿನಲ್ಲೂ ಹೇಳಿದಳು: ಇದು ಹಳೆಯ ಕೆರೆಯ ಅಂಚು, ಇದು ಬಿರುಕು, ಇಲ್ಲಿ ಕರಿಕಲ್ಲಿನ ದಿಬ್ಬ, ಅಲ್ಲಿ ಏನು ಕಟ್ಟಿದರೂ ನಿಲ್ಲುತ್ತದೆ. ತೊಟ್ಟಿಯನ್ನು ದಿಬ್ಬದ ಮೇಲೆ ಕಟ್ಟಿ ಪೈಪು ಎಳೆಯುವುದೆಂದು ಅಂದೇ ತೀರ್ಮಾನವಾಯಿತು. ಬಾವಿಯ ನೀರೇ ಇರುವಾಗ ಮಳೆನೀರು ಯಾಕೆ ಎಂದು ನಾನು ಕೇಳಿದ್ದಕ್ಕೆ ಅಕ್ಕ ತನ್ನ ಹಲ್ಲಿನ ಮೇಲೆ ಉಗುರು ತಟ್ಟಿ ತೋರಿಸಿದಳು. "ಬೂದಿಯೊಳಗಿಂದ ಬರೋ ನೀರು, ಫ್ಲೋರೈಡು ಜಾಸ್ತಿ. ನಿಮ್ಮದೂ ಅದೇ ತಾನೇ?"

"ನಮ್ಮದು ಬಂಡೆಯೊಳಗಿಂದ ಬರೋ ನೀರು," ಎಂದೆ. ಆ ವಿಷಯ ನಮ್ಮ ನಡುವೆ ಬಂದದ್ದು ಅದೇ ಮೊದಲು. ಇಬ್ಬರೂ ನಕ್ಕೆವು.

ಕ್ಷಮೆ ಕೇಳಿದೆ. ಅದಕ್ಕೆ ಆಕೆ, "ಚಪ್ಪಾಳೆ ಬೇಡ. ಆ ಮಣ್ಣು ಒಂದು ಹಿಡಿ ಕೊಡಿ," ಎಂದಳು. ಮಗಳಿಗೆ ತೋರಿಸಬೇಕಂತೆ. ಮಗಳು ಇಲ್ಲೇ ಹುಟ್ಟಿದವಳು, ಹದಿನಾರು ವರ್ಷ, ಅಲ್ಲಿಗೆ ಒಮ್ಮೆಯೂ ಹೋಗಿಲ್ಲ.

ಕೊಡುವಂತಿರಲಿಲ್ಲ. ಹೊರದೇಶದ ಮಣ್ಣು ಒಂದು ಚಿಟಿಕೆಯೂ ಬಾಗಿಲು ದಾಟಬಾರದು. ಹಾಗೆಂದಾಗ ಅಕ್ಕನ ಮುಖ ಬಾಡಿತು. "ಸರಿ," ಎಂದಳು. ಮುಂದಿನ ನಾಲ್ಕೈದು ದಿನ ಮಾತು ಹಲೋಗೆ ಇಳಿಯಿತು. ಕಿಸೆಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ನನಗೂ ಅನ್ನಿಸಿತು. ಆದರೆ ಸಿಕ್ಕಿಬಿದ್ದರೆ ಲ್ಯಾಬಿನ ಪರವಾನಗಿ ಹೋಗುತ್ತದೆ, ನನ್ನ ಜತೆ ಆಕೆಯ ಕೆಲಸವೂ ಹೋಗುತ್ತದೆ. ಕೊನೆಗೆ ಮೇಲಧಿಕಾರಿಯನ್ನೇ ಕೇಳಿದೆ: ಮಣ್ಣು ಹೊರಗೆ ಹೋಗಬಾರದು, ಮನುಷ್ಯರು ಒಳಗೆ ಬರಬಹುದಲ್ಲ? ಆತ ನಿಯಮದ ಪುಸ್ತಕ ತಿರುವಿ, ಸಂದರ್ಶಕರ ಫಾರಂ ಒಂದನ್ನು ತೆಗೆದುಕೊಟ್ಟ.

ಮಗಳು ಈಸ್ಟರ್ ರಜೆಯಲ್ಲಿ ಬಂದಳು. ಉದ್ದ ಹುಡುಗಿ, ಕಿವಿಯಲ್ಲಿ ಇಯರ್‌ಫೋನು, ಬಿಳಿ ಹಲ್ಲು. ಬರಲು ಮನಸ್ಸಿರಲಿಲ್ಲ ಎಂದು ಕಾಣುತ್ತಿತ್ತು. ಕೋಟು ತೊಡಿಸಿ, ಗ್ಲೌಸು ಹಾಕಿಸಿ ಚೀಲ ಬಿಚ್ಚಿದೆ. ಅಕ್ಕ ಅವಳ ಬೆರಳುಗಳನ್ನು ಹಿಡಿದು ಉಂಡೆಯನ್ನು ಒತ್ತಿಸಿದಳು. ಅದು ಜಾರಿ ನೀರು ಒಸರಿದಾಗ ಹುಡುಗಿ "ಅಯ್ಯೋ" ಎಂದು ಕೈ ಎಳೆದುಕೊಂಡಳು. ಆಮೇಲೆ ತಾನೇ ಇನ್ನೊಂದು ಉಂಡೆ ತೆಗೆದುಕೊಂಡಳು. ಇಯರ್‌ಫೋನು ಕಿತ್ತು ಜೇಬಿಗೆ ಹಾಕಿದಳು.

ಅಕ್ಕ ತಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು, ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನಮ್ಮ ಮನೆಯಲ್ಲೂ ಮಾತು ಹೀಗೇ ನಡೆಯುವುದರಿಂದ ಅರ್ಧ ಕೇಳಿಯೇ ಉಳಿದರ್ಧ ನನಗೆ ಅರ್ಥವಾಗುತ್ತಿತ್ತು. ಗೋಡೆ ಕುಳಿತದ್ದು, ಅಣ್ಣ ತೋಳು ಇಳಿಸಿದ್ದು. "ಮಾಮಾ? ಬ್ಯಾಂಕಿನಲ್ಲಿರೋ ನಮ್ಮ ಮಾಮಾನಾ?" ಎಂದು ಹುಡುಗಿ ನಗತೊಡಗಿದಳು. "ಇದನ್ನೆಲ್ಲ ನನಗೆ ಯಾಕೆ ಹೇಳಿಲ್ಲ?"

"ನೀನು ಕೇಳಲಿಲ್ಲ," ಎಂದು ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು. ಸ್ವಲ್ಪ ತಡೆದು, "ನಾನೂ ಹೇಳಲಿಲ್ಲ," ಎಂದಳು.

ಒಂದು ಗಂಟೆಯಾದರೂ ಅವರು ಏಳಲಿಲ್ಲ. ನಾನು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬೇರೆ ಕೆಲಸದ ಕಾಗದ ತುಂಬುತ್ತ ಕುಳಿತೆ.

ಮೇ ತಿಂಗಳಲ್ಲಿ ಮಣ್ಣನ್ನು ಸುಡಲು ಒಯ್ಯುವ ವ್ಯಾನು ಬಂತು. ಚೀಲ, ತಟ್ಟೆಯ ಮಣ್ಣು, ಗ್ಲೌಸು ಎಲ್ಲವನ್ನೂ ಹಳದಿ ಡಬ್ಬಿಗಳಿಗೆ ತುಂಬಿ ಮುಚ್ಚಿದೆವು. ಅಕ್ಕನೂ ಕೈ ಜೋಡಿಸಿದಳು. ಚಾಲಕ ಕೊಟ್ಟ ಫಾರಂನಲ್ಲಿ ಒಪ್ಪಿಸಿದವರ ಸಹಿಯ ಕೆಳಗೆ ಸಾಕ್ಷಿಯ ಸಹಿಗೆ ಜಾಗವಿತ್ತು. ಅಲ್ಲಿ ಸಾಮಾನ್ಯವಾಗಿ ಪಕ್ಕದ ಮೇಜಿನವರು ಗೀಚುತ್ತಾರೆ. ನಾನು ಪೆನ್ನನ್ನು ಅಕ್ಕನ ಕೈಗೆ ಕೊಟ್ಟೆ. ಆಕೆ ಕಾಗದವನ್ನು ಡಬ್ಬಿಯ ಮುಚ್ಚಳದ ಮೇಲೆ ಸರಿಯಾಗಿ ಇಟ್ಟುಕೊಂಡು, ಅಪ್ಪನ ಹೆಸರೂ ಸೇರಿಸಿ, ಪೂರ್ತಿ ಹೆಸರು ಬರೆದಳು. ಚಾಲಕ ಗಡಿಯಾರ ನೋಡಿದ. ಅಕ್ಕ ಅವಸರ ಮಾಡಲಿಲ್ಲ.