ಮೂಲೆಯಲ್ಲಿದ್ದ ನನ್ನ ಎಂಜಿನ್ನು

ವಾಡಿಯ ಕೇಬಲ್ ಟಿವಿಗೆ ಮೊದಲ ಲೋಗೋ ಬರೆದವನು ನಾನು. ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆಯುವವನಿಗೆ ಊರೆಲ್ಲ ನೋಡುವ ಪರದೆಯ ಮೂಲೆ ಸಿಕ್ಕಿತೆಂದರೆ ಸಣ್ಣ ಮಾತಲ್ಲ. ರೈಲು ಜಂಕ್ಷನ್ ಊರು, ಎಂಜಿನ್ನನ್ನೇ ಬರೆದೆ. ಗಾಜಿಗೆ ಹಿಂಬದಿಯಿಂದ ಬಣ್ಣ ಹಚ್ಚಬೇಕು, ಎಲ್ಲವೂ ತಿರುವುಮುರುವು. ಅಕ್ಷರ ತಿರುಗಿಸಿದೆ, ಎಂಜಿನ್ ತಿರುಗಿಸಿದೆ, ಹೊಗೆ ಬಿಡಿಸುವಾಗ ಮಾತ್ರ ಕೈ ರೂಢಿಯಂತೆ ಹೋಯಿತು. ಈಚೆ ಬಂದು ನೋಡಿದರೆ ಎಂಜಿನ್ ಓಡುವ ಕಡೆಗೇ ಹೊಗೆಯೂ ಓಡುತ್ತಿತ್ತು. ಕೇಬಲ್ ಮಾಲೀಕರಿಗೆ ಅವಸರ. ಗಾಜನ್ನು ಹಾಗೇ ಕ್ಯಾಮೆರಾ ಮುಂದಿಟ್ಟು ಚಿತ್ರ ಹಿಡಿದು ಮೂಲೆಗೆ ಕೂರಿಸಿದರು. ಪಕ್ಕದ ಊರು ರಾವೂರಿನವರೂ ನಕ್ಕರು. ನಕ್ಕರೂ ನೋಡಿದರಲ್ಲ, ನನಗಷ್ಟೇ ಸಾಕಾಗಿತ್ತು.

ಆಮೇಲೆ ನನ್ನ ಹೆಂಡತಿಯ ತಮ್ಮ ಸೇಡಂನಲ್ಲಿ ಕಂಪ್ಯೂಟರ್ ಕಲಿತು ಬಂದು ಇಲ್ಲಿ ಫ್ಲೆಕ್ಸ್ ಅಂಗಡಿ ಹಾಕಿದ. ನನ್ನ ಎಂಜಿನ್ ಹೋಗಿ ಅವನ ಬಂಗಾರದ ಗೋಳ ಗರಗರ ತಿರುಗತೊಡಗಿತು. ಬೋರ್ಡಿನ ಕೆಲಸ ಕಡಿಮೆಯಾದದ್ದಕ್ಕೆ ನನಗೆ ಅಷ್ಟು ಉರಿಯಲಿಲ್ಲ, ಮೂಲೆ ಹೋದದ್ದಕ್ಕೆ ಉರಿಯಿತು. ನನ್ನ ಹೆಂಡತಿ ನೆರೆಮನೆಯವರನ್ನು ಕರೆದು ತಮ್ಮನ ಗೋಳ ತೋರಿಸಿದಳು. ನನ್ನ ಎಂಜಿನ್ನಿಗೆ ಯಾರನ್ನೂ ಕರೆದಿರಲಿಲ್ಲ. ಗೋಳ ನೋಡಿದರೆ ತಲೆ ಸುತ್ತುತ್ತದೆ ಎಂದೆ. ಕೆಲವು ವರ್ಷಕ್ಕೆ ಅವನೇ ಕೆಂಪು ಚೌಕ ಮಾಡಿದ, ಬೆಂಕಿಪೊಟ್ಟಣ ಎಂದೆ. ಮೊಬೈಲಿಗೆಂದು ಬರೀ ಎರಡು ಅಕ್ಷರ ಇಟ್ಟ, ಅದಕ್ಕೂ ಕೊಂಕು ತೆಗೆದೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಬೇಡ.

ನನಗಿದ್ದ ಸಮಾಧಾನ ಒಂದೇ. ಸ್ಟೇಷನ್ ಎದುರಿನ ಚಹಾದಂಗಡಿಯ ಹಳೇ ಡಬ್ಬಾ ಟಿವಿಯಲ್ಲಿ ಮೊದಲಿನಿಂದಲೂ ಇಡೀ ದಿನ ಇದೇ ಚಾನೆಲ್ ಓಡುತ್ತಿತ್ತು. ವರ್ಷಗಟ್ಟಲೆ ನಿಂತಲ್ಲೇ ನಿಂತ ನನ್ನ ಎಂಜಿನ್ನಿನ ಅಚ್ಚು ಅದರ ಗಾಜಿಗೆ ಸುಟ್ಟು ಕೂತಿತ್ತು. ಟಿವಿ ಆರಿಸಿದಾಗ ಮೂಲೆಯಲ್ಲಿ ಮಸುಕಾಗಿ ಕಾಣುತ್ತಿತ್ತು, ಹೊಗೆಯ ಸಮೇತ. ಅದರ ಎದುರಿನ ಬೆಂಚಿನಲ್ಲೇ ನಾನು ಚಹಾ ಕುಡಿಯುತ್ತಿದ್ದೆ.

ಈಚೆಗೆ ಚಾನೆಲ್ ನಡೆಸುವ ಮಾಲೀಕರ ಮಗನಿಗೆ ತಂದೆಯ ಕಾಲದ ಲೋಗೋ ಮತ್ತೆ ಬೇಕೆನಿಸಿತು. ನಾನು ಬರೆದ ಗಾಜು ಎಂದೋ ಒಡೆದಿತ್ತು. ನನ್ನ ಭಾವಮೈದುನ ಚಹಾದಂಗಡಿಗೆ ಹೋಗಿ, ಆರಿದ ಟಿವಿಯ ಫೋಟೋ ತೆಗೆದು, ಗೆರೆಯ ಮೇಲೆ ಗೆರೆ ಎಳೆದು ಎಂಜಿನ್ನನ್ನು ಎಬ್ಬಿಸಿಬಿಟ್ಟ. ಊರು ಅವನನ್ನು ಹೊಗಳಿದ್ದೇ ಹೊಗಳಿದ್ದು. ಚಹಾದಂಗಡಿಯವನು ನನಗೇ ಹೇಳಿದ: "ನಿಮ್ಮ ಭಾವಮೈದ ಭಾಳ ತಲಿ ಓಡ್ಸ್ಯಾನ ನೋಡ್ರಿ. ಗಾಡಿಕಿಂತ ಸುದ್ದಿ ಮುಂದ ಹೋಗ್ತದ ಅಂತ ಹೊಗಿ ಮುಂದ ಬಿಟ್ಟಾನ." ತನ್ನ ಟಿವಿಯಲ್ಲೇ ಅದೇ ಹೊಗೆ ಇಷ್ಟು ವರ್ಷ ಕೂತದ್ದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ನನ್ನದೇ ಎಂಜಿನ್ನಿಗೆ ನಾನು ಹೊಟ್ಟೆಕಿಚ್ಚು ಪಡುವ ಕಾಲ ಬಂತು.

ಆ ಭಾನುವಾರ ಅವನು ಮನೆಗೆ ಊಟಕ್ಕೆ ಬಂದ. ನನ್ನ ಹೆಂಡತಿ ಅವನ ತಟ್ಟೆಗೆ ರೊಟ್ಟಿ ಹಾಕುತ್ತ, ಆ ಹೊಗೆಯನ್ನು ಕೈತಪ್ಪಿ ಮುಂದಕ್ಕೆ ಬರೆದವರು ನಿಮ್ಮ ಮಾಮಾನೇ ಎಂದು ನಗುತ್ತ ಹೇಳಿಬಿಟ್ಟಳು. ಅವನು ಊಟ ನಿಲ್ಲಿಸಿ ನನ್ನ ಮುಖ ನೋಡಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು.

"ಹೌದೇನ್ರಿ ಮಾಮಾ? ಮೊದಲೇ ಹೇಳಿದ್ರ ಹೊಗಿ ಹಿಂದ ಮಾಡ್ತಿದ್ನೆಲ್ರಿ. ಇರ್ಲಿ, ನಾಳಿಗಿ ಸರಿ ಮಾಡ್ತೀನಿ."

ಅಷ್ಟು ವರ್ಷ ಅವನ ಒಂದೊಂದು ಲೋಗೋವನ್ನೂ ಹಳಿದ ಬಾಯಿ ನನ್ನದು. ಆ ಬಾಯಿಂದಲೇ ಅವನನ್ನು ಬೇಡಿಕೊಂಡೆ.

"ಬ್ಯಾಡಪ್ಪ. ಹೊಗಿ ಹಂಗೇ ಇರ್ಲಿ."